ಬಣ್ಣದ ಗೇಟುಗಳ ಬೀದಿ

ಪೀಣ್ಯ ಎರಡನೇ ಹಂತ, ಬೆಂಗಳೂರು
ಜುಲೈ 15, 2024

ರಕ್ಷಿತಾ,

ಕಾಗದ ಕಂಡು ಗಾಬರಿಯಾಗಬೇಡ. ಆರಾಮಾಗಿದ್ದೇನೆ, ಬಿಪಿ ಮಾತ್ರೆ ತಪ್ಪಿಸಿಲ್ಲ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ, ಮಳೆ ಬಂತಾ ಎಂಬಲ್ಲಿಗೇ ಮುಗಿಸಿಬಿಡುತ್ತೇವೆ. ಇದು ಹಾಗೆ ಮುಗಿಸುವ ಸುದ್ದಿಯಲ್ಲ. ವರ್ಷಗಟ್ಟಲೆ ಶಾಲೆಯ ಕರಿಹಲಗೆಯ ಮೇಲೆ ಬರೆದ ಕೈ ನನ್ನದು. ಬಾಯಿಗಿಂತ ಅದಕ್ಕೇ ಧೈರ್ಯ ಜಾಸ್ತಿ.

ಶನಿವಾರ ಸಂಜೆ ಯಾರೋ ಬೆಲ್ ಒತ್ತಿದರು. ಬಾಗಿಲು ತೆರೆದರೆ ನಿನ್ನ ವಯಸ್ಸಿನ ಒಬ್ಬ ಹೆಂಗಸು. ಕುರ್ತಾದ ತೋಳು ಮಡಚಿದ್ದಳು. ಮೊಣಕೈವರೆಗೆ ಒಣಗಿದ ಜೇಡಿಮಣ್ಣು.

“ಅಮ್ಮ, ಕೊಟ್ರೇಶಪ್ಪ ಸಾರ್ ಮನೆ ಇದೇನಾ? ಸುತ್ತಮುತ್ತ ಅಪಾರ್ಟ್‌ಮೆಂಟಲ್ಲೆಲ್ಲ ಕೇಳ್ಕೊಂಡು ಬಂದೆ. ಶಿವರಾತ್ರಿಗೆ ಮುಂಚೆ ಬಂದಿದ್ರು, ಆಮೇಲೆ ಪತ್ತೇನೇ ಇಲ್ಲ. ಫೋನೂ ಸ್ವಿಚ್ ಆಫ್. ಮಗಳ ಊರಿಗೆ ಹೋಗಿರ್ಬೇಕು ಅನ್ಕೊಂಡ್ವಿ.”

ರಕ್ಷಿತಾ, ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದೆ, ಅಷ್ಟೇ. ಗೋಡೆಯ ಮೇಲಿನ ನಿಮ್ಮಪ್ಪನ ಫೋಟೋ, ಅದಕ್ಕೆ ಹಚ್ಚಿದ ವಿಭೂತಿ, ಹಾರ ಎಲ್ಲವೂ ಅವಳಿಗೆ ಕಂಡವು. ಅವಳು ಒಳಗೆ ಬರಲಿಲ್ಲ. ಹೊರಗೆ ಚಪ್ಪಲಿಗಳ ನಡುವೆಯೇ ಕೂತುಬಿಟ್ಟಳು. ಕೂತು ಮನೆಮಗಳ ಹಾಗೆ ಅತ್ತಳು. ಸಂಬಂಧವಿಲ್ಲದವಳೊಬ್ಬಳು ಅವರಿಗಾಗಿ ಹಾಗೆ ಅಳುವುದನ್ನು ನೋಡುತ್ತ ನಿಂತವಳಿಗೆ ಏನೇನೋ ನೆನಪಾಯಿತು. ಅದನ್ನೆಲ್ಲ ಬರೆಯುವುದಿಲ್ಲ.

ನೀರು ಕೊಟ್ಟ ಮೇಲೆ ಹೇಳಿದಳು. ಹೆಸರು ವೇಣಿ. ಮಣ್ಣಿನಲ್ಲಿ, ಕಂಚಿನಲ್ಲಿ ಮೂರ್ತಿ ಮಾಡುತ್ತಾಳಂತೆ. ಇಲ್ಲೇ ಹಿಂದೆ, ಕೈಗಾರಿಕಾ ಪ್ರದೇಶದ ಹಳೆಯ ಶೆಡ್ಡುಗಳಲ್ಲಿ ಕಲಾವಿದರು ಮನೆ ಮಾಡಿಕೊಂಡಿರುವ ಒಂದು ಬೀದಿಯಿದೆಯಂತೆ.

“ಸಾರ್ ನಮ್ಮ ಬೀದೀಲಿ ಕೂರ್ತಿದ್ರು,” ಎಂದಳು.

“ಕೂರೋದು ಅಂದರೆ?”

“ಮಾಡೆಲ್ ಆಗಿ ಅಮ್ಮ. ಅವರನ್ನ ನೋಡ್ಕೊಂಡು ನಾವು ಚಿತ್ರ ಬರೀತಿದ್ವಿ, ಮಣ್ಣಲ್ಲಿ ಮಾಡ್ತಿದ್ವಿ. ಎರಡು ವರ್ಷದಿಂದ. ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಗೊತ್ತು ಎಂದೆ.

ದಿನಾ ಸಂಜೆ ಮೆಟ್ರೋ ಸ್ಟೇಷನ್ ತನಕ ವಾಕಿಂಗ್ ಎಂದು ಹೋಗುತ್ತಿದ್ದವರು. ಪ್ಯಾಂಟಿಗೆ ಮಣ್ಣು ಮೆತ್ತಿಕೊಂಡು ಬಂದರೆ “ರಸ್ತಿ ಅಗದಾರ” ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಆ ಮಾತನ್ನು ಯಾರು ಅನುಮಾನಿಸುತ್ತಾರೆ?

ಹೋಗುವಾಗ ವೇಣಿ ಒಂದು ಸಂಜೆ ಬನ್ನಿ ಎಂದು ಕರೆದು ಹೋಗಿದ್ದಾಳೆ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ. ನಿನ್ನನ್ನು ಕೇಳದೆ ಹೋಗಲು ಮನಸ್ಸಿಲ್ಲ. ಯಾಕೆ ಎಂಬುದು ನಿನಗೂ ಗೊತ್ತು.

ಅಳಿಯ ವಿನಾಯಕನಿಗೆ ಕೇಳಿದೆನೆಂದು ಹೇಳು.

ನಿನ್ನ ಅವ್ವ,
ಲಕ್ಷ್ಮವ್ವ


ಶಕ್ತಿನಗರ, ರಾಯಚೂರು
ಜುಲೈ 28, 2024

ಅವ್ವಾ,

ಕಾಗದ ಬಂತು. ಪಾಳಿ ಮುಗಿಸಿ ಬಂದು ಓದಿದೆ. ಏನಂತೆ ಎಂದು ವಿನಾಯಕ್ ಕೇಳಿದರು. ಅವ್ವ ಆರಾಮಿದ್ದಾಳಂತೆ ಎಂದು ಕಾಗದ ಮಡಚಿಟ್ಟೆ.

ಅಪ್ಪ, ಚಿತ್ರ ಬರೆಯುವವರ ಮುಂದೆ ಕೂತಿದ್ದರೇ? ನಿನಗೆ ನೆನಪಿರಬೇಕು. ದಾವಣಗೆರೆಯಲ್ಲಿ ಚಿತ್ರಕಲೆಗೆ ಸೀಟು ಸಿಕ್ಕಿದ್ದನ್ನು ಹೇಳಲು ಅವರ ಊಟ ಮುಗಿಯುವವರೆಗೆ ಕಾದಿದ್ದೆ. ಕೈ ತೊಳೆದು ಬಂದು, “ಗೆರಿ ಎಳದ್ರ ಹೊಟ್ಟಿ ತುಂಬತೈತೇನು?” ಎಂದರು. ಸಿಟ್ಟಿನಿಂದಲ್ಲ. ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಅಳತೆಗೆ ಬಾರದ ಗಿಯರನ್ನು ಪಕ್ಕಕ್ಕೆ ಎತ್ತಿಡುತ್ತಿದ್ದರಲ್ಲ, ಹಾಗೆ. ನೀನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಮರುವಾರ ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ ಬಂದರು. ನನ್ನ ಬ್ರಶ್ಶುಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಬರಲೇ ಇಲ್ಲ. ಜಗಳವೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತೋ ಏನೋ.

ನೀನು ಹೋಗು. ಬೇಡ ಎನ್ನಲು ನಾನ್ಯಾರು. ಆದರೆ ಅಲ್ಲಿ ನೋಡಿದ್ದನ್ನು ನನಗೆ ಬರೆಯಬೇಡ.

ದೀಪಾವಳಿ ಮುಗಿದ ಮೇಲೆ ನಿನ್ನನ್ನು ಇಲ್ಲಿಗೆ ಕರೆತರುವುದೆಂದು ನಾವಿಬ್ಬರೂ ಯೋಚಿಸಿದ್ದೇವೆ. ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿಯೇ ಇದೆ. ನೀನು ಅಲ್ಲಿ ಒಬ್ಬಳೇ ಇರುವುದು ನನಗೆ ಸರಿಯೆನಿಸುವುದಿಲ್ಲ.

ರಕ್ಷಿತಾ


ಪೀಣ್ಯ
ಆಗಸ್ಟ್ 13, 2024

ರಕ್ಷಿತಾ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಓದಲು ಮನಸ್ಸಿಲ್ಲದಿದ್ದರೆ ಎತ್ತಿಡು. ಕಾಗದಕ್ಕೆ ಅವಸರವಿಲ್ಲ.

ನಿನ್ನೆ ಶ್ರಾವಣ ಸೋಮವಾರ. ಪೂಜೆ ಮುಗಿಸಿ, ಸಂಜೆ ಬಿಸಿಲು ಇಳಿದ ಮೇಲೆ ಹೊರಟೆ. ನಮ್ಮ ಗೇಟಿನಿಂದ ಬಲಕ್ಕೆ ತಿರುಗಿ, ಗಿಯರ್ ಕೊರೆಯುವ ಕಾರ್ಖಾನೆ ದಾಟಿ, ಟೀ ಅಂಗಡಿಯ ಪಕ್ಕ ನಡೆದೆ. ಪಾಳಿ ಬಿಟ್ಟ ಹೊತ್ತು. ಡಬ್ಬಿಯ ಚೀಲ ನೇತುಹಾಕಿಕೊಂಡು ಹುಡುಗಿಯರು, ಗಂಡಸರು ಬಸ್ಸಿಗೆ ಓಡುತ್ತಿದ್ದರು. ತಲೆಯ ಮೇಲೆ ಮೆಟ್ರೋ ಹೋಯಿತು. ಕಬ್ಬಿಣಕ್ಕೆ ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಸುಡುವ ಒಂದು ಕಾರ್ಖಾನೆಯಿದೆ. ಅದರ ಪಕ್ಕದ ಸಂದಿಯಲ್ಲಿ ತಿರುಗಬೇಕು. ಇಷ್ಟು ವರ್ಷ ಅದನ್ನು ದಾಟಿ ತರಕಾರಿಗೆ ಹೋಗಿದ್ದೇನೆ, ಒಂದು ದಿನವೂ ಒಳಗೆ ಇಣುಕಿರಲಿಲ್ಲ.

ತಿರುಗಿದೆ, ಅಲ್ಲೇ ನಿಂತೆ. ಎರಡೂ ಕಡೆ ಎತ್ತರದ ಶೀಟಿನ ಶೆಡ್ಡುಗಳು, ಶೆಡ್ಡಿನ ತಲೆಯ ಮೇಲೆ ಸಣ್ಣ ಸಣ್ಣ ಮನೆಗಳು. ಒಂದು ಗೇಟು ಆಟೋರಿಕ್ಷಾದ ಹಳದಿ. ಅದರ ಎದುರಿನದು ಟ್ರಾಕ್ಟರಿನ ಕೆಂಪು. ಮುಂದಿನದು ಪಂಪ್‌ಸೆಟ್ಟಿನ ನೀಲಿ. ಕಿಟಕಿಯ ಸರಳು, ಮೆಟ್ಟಿಲಿನ ಕಂಬಿ, ನೀರಿನ ಟ್ಯಾಂಕಿನ ಕಾಲು, ಎಲ್ಲಕ್ಕೂ ಒಂದೊಂದು ಬಣ್ಣ. ಆ ಕಾರ್ಖಾನೆಯವರು ಬೀದಿಯವರ ಕಬ್ಬಿಣವನ್ನೂ ತಮ್ಮ ಕೆಲಸದ ಜೊತೆ ಒಲೆಗೆ ಹಾಕಿ ಕೊಡುತ್ತಾರಂತೆ. ಅವತ್ತು ಒಲೆಯಲ್ಲಿ ಯಾವ ಬಣ್ಣವೋ ಅವತ್ತಿನ ಗೇಟಿಗೂ ಅದೇ. ಯಾರೂ ಆರಿಸಿದ್ದಲ್ಲ. ಆದರೂ ಇಳಿಬಿಸಿಲಿಗೆ ಆ ಬೀದಿ ಹಬ್ಬಕ್ಕೆ ಹೊರಟ ಮಕ್ಕಳ ಹಾಗಿತ್ತು.

ಬೀದಿಯ ಬಾಯಲ್ಲೇ ಒಂದು ಹಳೆಯ ಮನೆ. ಜಗಲಿಯ ಮೇಲೆ ಮುದುಕಿಯೊಬ್ಬಳು ಕನಕಾಂಬರ ಕಟ್ಟುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಣೆಯ ವಿಭೂತಿ ನೋಡಿ, ಕೈಯ ಹೂ ಕೆಳಗಿಟ್ಟಳು.

“ಕೊಟ್ರೇಶಪ್ನೋರ ಮನೆಯೋರಾ? ಬನ್ನಿ ತಾಯಿ. ವೇಣವ್ವ ಏಳ್ತು. ಎಂಥ ಮನ್ಸ! ಬನ್ನಿ, ಇಂಗೆ ಕುಂತ್ಕಳಿ.”

ಅವಳು ಪಿಳ್ಳಮ್ಮ. ಅವಳ ಗಂಡ ನಲ್ಲಪ್ಪನ ಹಿರಿಯರದೇ ಈ ನೆಲವೆಲ್ಲ.

“ಮೊದ್ಲು ಇದು ನಮ್ ರಾಗಿ ಒಲ,” ಎಂದಳು. “ಆಮೇಕೆ ಶೆಡ್ ಕಟ್ಟುದ್ವಿ, ಲೇತ್ ಮಿಷಿನ್ನು ಬಂದೋ. ಅವೂ ಓದೋ. ಈಗ ಬಣ್ಣದೋರು ಬಂದವ್ರೆ. ಇವ್ರೇ ವಾಸಿ ಕಣವ್ವ, ಸದ್ದು ಮಾಡಾಕಿಲ್ಲ. ನಿಮ್ ಯಜಮಾನ್ರು ದಿನಾ ಇಲ್ಲೇ ಕಾಫಿ ಕುಡ್ದು ಒಳೀಕ್ ಓಗೋರು. ಸಕ್ರೆ ಆಕ್ಬ್ಯಾಡಿ, ಮನೇಲಿ ಬೈತಾರೆ ಅನ್ನೋರು.”

ನನ್ನ ಕೈಯ ಸಕ್ಕರೆಯಿಲ್ಲದ ಕಾಫಿಗೆ ಮುಖ ಸಿಂಡರಿಸುತ್ತಿದ್ದ ಮನುಷ್ಯ! ನಗು ಬಂತು ನನಗೆ. ಅವರು ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕೆ.

ಪಿಳ್ಳಮ್ಮ ಜೊತೆಗೇ ಬಂದಳು. ಸಂಜೆ ಶೆಡ್ಡಿನೊಳಗೆ ಬೆಳಕು ಸಾಲದೆ ಎಲ್ಲರೂ ಸ್ಟೂಲು ಎತ್ತಿಕೊಂಡು ಬಾಗಿಲಿಗೆ ಬಂದಿರುತ್ತಾರೆ. ಹಾಗಾಗಿ ಬೀದಿಯೇ ಪಡಸಾಲೆ. ಒಬ್ಬಳು ಮಗ್ಗದ ಮುಂದೆ ಕೂತು ನೂಲು ಬಿಡಿಸುತ್ತಿದ್ದಳು. ಒಂದು ಮನೆಯಲ್ಲಿ ಗೋಡೆಯಷ್ಟು ದೊಡ್ಡ ಚಿತ್ರ. ಅದಕ್ಕೆ ಬೆನ್ನು ಹಾಕಿ ಬರೆದವನೇ ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಎಣ್ಣೆಬಣ್ಣದ ವಾಸನೆ, ಸಾಸಿವೆ ಸಿಡಿದ ವಾಸನೆ, ಪಕ್ಕದ ಕಾರ್ಖಾನೆಯ ಗ್ರೀಸಿನ ವಾಸನೆ, ಮೂರೂ ಕಲಸಿಕೊಂಡಿದ್ದವು. ಹಾದುಹೋಗುವಾಗ ಒಬ್ಬೊಬ್ಬರೂ ಎದ್ದು ನಿಂತರು. “ಸಾರ್ ಮನೆಯೋರು” ಎಂದು ಒಬ್ಬರಿಂದ ಒಬ್ಬರಿಗೆ ಪಿಸುಮಾತು ಹೋಯಿತು.

ಮನು ಎಂಬುವನು ಕಾಗದ ಅರೆದು ನಾಟಕದ ಮುಖವಾಡ ಮಾಡುತ್ತಾನೆ. ಅವನ ಗೋಡೆಯಲ್ಲಿ ಅಜ್ಜನ ಮುಖವಾಡವೊಂದು ತೂಗುತ್ತಿತ್ತು. ಹುಬ್ಬು ನಿಮ್ಮಪ್ಪನದು. ಮರದ ಹಲಗೆ ಕೊರೆದು ಅಚ್ಚು ಹಾಕುವ ಭಾನುಪ್ರಕಾಶನ ಶೆಡ್ಡಿನಲ್ಲಿ ಹಗ್ಗಕ್ಕೆ ಕಾಗದ ಒಣಹಾಕಿದ್ದರು; ಅವುಗಳಲ್ಲಿ ಬರೀ ಕೈಗಳು. ಅಳತೆಯ ಮೈಕ್ರೋಮೀಟರ್ ಹಿಡಿದ ಕೈ. ಲೋಟ ಹಿಡಿದ ಕೈ. ಮೊಣಕಾಲ ಮೇಲೆ ಸುಮ್ಮನೆ ಬಿದ್ದ ಕೈ. ಹೆಬ್ಬೆರಳ ಮೇಲಿನ ಹಳೆಯ ಗಾಯದ ಗುರುತನ್ನೂ ಅವನು ಬಿಟ್ಟಿರಲಿಲ್ಲ. ಮನೆಯೊಳಗೆ ಇಲ್ಲವಾದವರು ಆ ಬೀದಿಯಲ್ಲಿ ಮನೆಮನೆಯಲ್ಲೂ ನನ್ನನ್ನು ಎದುರುಗೊಂಡರು ರಕ್ಷಿತಾ.

ಕೊನೆಗೆ ವೇಣಿಯ ಶೆಡ್ಡು. ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿದ ಏನೋ ಇತ್ತು. ಬಿಚ್ಚಿದಳು. ಒಳಗೆ ಒದ್ದೆ ಬಟ್ಟೆ. ಅದನ್ನೂ ತೆಗೆದಳು. ಮಣ್ಣಿನಲ್ಲಿ ನಿಮ್ಮಪ್ಪನ ತಲೆ.

“ಒಣಗಿದ್ರೆ ಬಿರುಕು ಬಿಡುತ್ತೆ ಅಂತ ದಿನಾ ನೀರು ಚಿಮುಕಿಸ್ತಿದ್ದೆ,” ಎಂದಳು. “ಬರ್ತಾರೆ, ಮುಗಿಸೋಣ ಅಂತ. ಒಂದ್ಸಲ ಮೂಗು ನೋಡಿ ‘ಎಡಗಡೆ ಓವರ್‌ಸೈಜ್ ಐತಿ’ ಅಂದಿದ್ರು. ತಿದ್ದಿದ್ದೀನಿ. ನೋಡಿ ಅಮ್ಮ, ಸರಿಯಿದ್ಯಾ?”

ಮೂಗು ಸರಿಯಿತ್ತು. ನಾನು ನೋಡುತ್ತಿದ್ದದ್ದು ಬಾಯನ್ನು. ಬಲತುದಿಯಲ್ಲಿ ಒಂದಿಷ್ಟೇ ನಗು. ಮದುವೆಯಾದ ಹೊಸದರಲ್ಲಿ ಕೊಟ್ಟೂರಿನ ಮನೆಯ ಮೆಟ್ಟಿಲ ಮೇಲೆ ಕೂತಾಗ ಹಾಗೆ ನಗುತ್ತಿದ್ದರು. ಫ್ಯಾಕ್ಟರಿ, ಬಾಡಿಗೆ ಮನೆ, ನಿನ್ನ ಓದು, ಎಲ್ಲದರ ನಡುವೆ ಅದು ಎಲ್ಲಿ ಹೋಯಿತೋ ನಾನು ಹುಡುಕಲೂ ಇಲ್ಲ. ಅದು ಆ ಶೆಡ್ಡಿನಲ್ಲಿ ಮತ್ತೆ ಬಂದಿತ್ತು. ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಆ ಹುಡುಗಿಯ ಕೈ ಹಿಡಿದುಕೊಂಡೆ. ಇದನ್ನು ನೋಡಿದ್ದೀಯಲ್ಲ, ನೋಡಿ ಇಟ್ಟುಕೊಂಡಿದ್ದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದೆ.

ಭಾನುಪ್ರಕಾಶ ಇನ್ನೊಂದು ಮಾತು ಹೇಳಿದ. ಅದು ನಿನಗೆ ಸೇರಿದ್ದು. ನೀನು ಕೇಳಿದರೆ ಮಾತ್ರ ಬರೆಯುತ್ತೇನೆ.

ನಿನ್ನ ಅವ್ವ


ಶಕ್ತಿನಗರ
ಸೆಪ್ಟೆಂಬರ್ 29, 2024

ಅವ್ವಾ,

ನಿನ್ನ ಕಾಗದ ಗಣೇಶನ ಹಬ್ಬ ಕಳೆಯುವವರೆಗೂ ಬೀರುವಿನ ಮೇಲೆಯೇ ಇತ್ತು. ಓದಿದ ಮೇಲೂ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಸಿಟ್ಟು ಬಂತು. ಮುಚ್ಚಿಡುವುದಿಲ್ಲ. ಶಾಲೆಯಲ್ಲಿದ್ದಾಗ, “ಅಪ್ಪಾ, ಸ್ವಲ್ಪ ಹೊತ್ತು ಕೂಡ್ರಿ, ನಿಮ್ಮ ಮುಖ ಬರಿತೀನಿ” ಎಂದು ಅದೆಷ್ಟು ಭಾನುವಾರ ಗೋಗರೆದಿದ್ದೆ. ಪೇಪರ್ ಓದುತ್ತಿದ್ದರು. ಪೇಪರಿನ ಹಿಂದಿನ ಮುಖವನ್ನು ಊಹೆಯಿಂದಲೇ ಬರೆಯುತ್ತಿದ್ದೆ. ಈಗ ಯಾರೋ ವೇಣಿಗೆ, ಯಾರೋ ಭಾನುಪ್ರಕಾಶನಿಗೆ ಎರಡು ವರ್ಷದ ಸಂಜೆಗಳು. ಅಪ್ಪನ ಕೈಯ ಗಾಯದ ಗುರುತು ಯಾವ ಬೆರಳಿನ ಮೇಲಿತ್ತೆಂದು ನಿನ್ನ ಕಾಗದ ಓದುವವರೆಗೆ ನನಗೆ ನೆನಪೇ ಇರಲಿಲ್ಲ.

ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರಲ್ಲ, ಒಂದು ಸಲ ಹೇಳಬಹುದಿತ್ತು. ಇಂಥ ಬೀದಿಯಿದೆ, ಹೋಗುತ್ತಿದ್ದೇನೆ ಎಂದು. ಅಷ್ಟು ಸಾಕಿತ್ತು.

ಮಣ್ಣು ಕೊಡುವಾಗ ನಂಟರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಹನಿ ಇಲ್ಲ, ಗಟ್ಟಿಗಿತ್ತಿ ಎಂದರು. ಗಟ್ಟಿತನವಲ್ಲ ಅವ್ವಾ. ಒಳಗಿನಿಂದ ಏನೂ ಏಳಲಿಲ್ಲ. ಅದನ್ನು ನೆನೆದರೆ ನನಗೇ ಭಯವಾಗುತ್ತದೆ.

ಆ ಇನ್ನೊಂದು ಮಾತು ಯಾವುದು? ಬರೆ.

ರಕ್ಷಿತಾ


ಪೀಣ್ಯ
ಅಕ್ಟೋಬರ್ 8, 2024

ರಕ್ಷಿತಾ,

ಕೇಳಿದೆಯಲ್ಲ, ಸಂತೋಷ. ಭಾನುಪ್ರಕಾಶ ಹೇಳಿದಂತೆಯೇ ಬರೆಯುತ್ತೇನೆ. ನನ್ನದೇನೂ ಸೇರಿಸುವುದಿಲ್ಲ.

ಮೊದಲ ದಿನ ನಿಮ್ಮಪ್ಪ ಅವನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ಬೀದಿಯಲ್ಲಿ ಮರದ ಹೊಟ್ಟು ಹಾರುತ್ತದೆಂದು ಜಗಳಕ್ಕೆ ಬಂದಿದ್ದಾರೆ ಎಂದುಕೊಂಡನಂತೆ ಅವನು. ಇವರು ಕೇಳಿದ್ದು ಬೇರೆ.

“ಇದರಿಂದ ಮನಿ ನಡೀತೈತೇನು?”

“ಕೆಲವು ತಿಂಗಳು ನಡೆಯುತ್ತೆ, ಕೆಲವು ತಿಂಗಳು ತೆವಳುತ್ತೆ ಸಾರ್.”

ನಕ್ಕು ಹೋದರಂತೆ. ಮರುದಿನ ಮತ್ತೆ ಬಂದರು. ಒಂದು ವಾರ ಬರೀ ನಿಂತು ನೋಡಿದರು. ಕಾಲು ನೋವೆಂದು ಸ್ಟೂಲಿನ ಮೇಲೆ ಕೂತ ದಿನ ಭಾನುಪ್ರಕಾಶನೇ, “ಸಾರ್, ಹಾಗೇ ಇರಿ, ನಿಮ್ಮ ಕೈ ಬರ್ಕೋತೀನಿ” ಎಂದನಂತೆ. ಹಾಗೆ ಶುರುವಾಯಿತು. ತಿಂಗಳುಗಟ್ಟಲೆ ಬಾಯಿ ಬಿಡದೆ ಕೂರುತ್ತಿದ್ದರಂತೆ. ಒಂದು ಸಂಜೆ ಅವನು ಹಲಗೆ ಕೊರೆಯುತ್ತಿರುವಾಗ ತಾವಾಗಿಯೇ ಹೇಳಿದರಂತೆ:

“ನನ್ನ ಮಗಳಿಗೂ ಈ ಕೈ ಇತ್ತು. ನಾನ ಬ್ಯಾಡಂದೆ. ಈ ಕೆಲಸಕ್ಕ ಎಷ್ಟು ತಾಳ್ಮಿ ಬೇಕು ಅಂತ ಆವಾಗ ನಾನು ನೋಡಿರಲಿಲ್ಲ.”

“ಅದನ್ನ ಮಗಳಿಗೇ ಹೇಳಬಹುದಲ್ಲ ಸಾರ್?” ಎಂದು ಕೇಳಿದನಂತೆ ಅವನು.

“ಹೇಳಿದ್ರ ಆಕಿ, ‘ಇರ್ಲಿ ಬಿಡಪ್ಪಾ’ ಅಂತಾಳ. ಇರ್ಲಿ ಬಿಡು ಅನ್ನೋದು ಆಕಿಗೆ ನಾನ ಕಲಿಸಿದ್ದು.”

ಅಷ್ಟೇ. ಆಮೇಲೆ ಮೈಕ್ರೋಮೀಟರ್ ಹೇಗೆ ಹಿಡಿಯಬೇಕೆಂದು ಅವನಿಗೆ ತೋರಿಸಿಕೊಟ್ಟು ಎದ್ದು ಬಂದರಂತೆ.

ನನಗೆ ಯಾಕೆ ಹೇಳಲಿಲ್ಲ ಎಂದು ನಾನೂ ಬಹಳ ಯೋಚಿಸಿದೆ. ನನಗೆ ಹೇಳಿದರೆ ಅದು ನಿನ್ನ ಕಿವಿಗೆ ಬೀಳುತ್ತಿತ್ತು. ಅವರಿಗೆ ಅದಕ್ಕೆ ಧೈರ್ಯವಿರಲಿಲ್ಲ ಎಂದು ಕಾಣುತ್ತದೆ. ಗಿಯರಿನಲ್ಲಿ ಕೂದಲೆಳೆಯಷ್ಟು ತಪ್ಪು ಕಂಡರೂ ಮ್ಯಾನೇಜರಿಗೆ ಎದುರುತ್ತರ ಕೊಡುತ್ತಿದ್ದ ಮನುಷ್ಯ.

ಈಗ ಬಹುತೇಕ ದಿನ ಸಂಜೆ ಅಲ್ಲಿಗೆ ಹೋಗುತ್ತೇನೆ. ಪಿಳ್ಳಮ್ಮನ ಜೊತೆ ಹೂ ಕಟ್ಟುತ್ತೇನೆ. ನಲ್ಲಪ್ಪನವರಿಗೆ ಪೇಪರ್ ಓದಿ ಹೇಳುತ್ತೇನೆ. ಬೀದಿಯ ಆ ತುದಿಗೂ ಈ ತುದಿಗೂ ನಡೆದು, ಯಾರ ಚಿತ್ರ ಎಷ್ಟು ಮುಂದೆ ಹೋಯಿತೆಂದು ನೋಡಿ ಬರುತ್ತೇನೆ. ಒಬ್ಬಳೇ ಇದ್ದೇನೆಂದು ಮರುಗಬೇಡ. ಆ ಖಾಲಿ ಕೋಣೆಯನ್ನು ನಾನು ಹಬ್ಬಕ್ಕೆ ಬಂದಾಗ ಇರಲು ಇಟ್ಟಿರು. ನಾನು ಇಲ್ಲೇ ಇರುತ್ತೇನೆ. ನೀನು ಕರೆದೆಯಲ್ಲ, ನನಗೆ ಅದೇ ದೊಡ್ಡದು.

ಇನ್ನು ಒಂದು ಕೇಳಿಕೆ. ನನ್ನದಲ್ಲ, ವೇಣಿಯದು. ಆ ಮಣ್ಣಿನ ತಲೆಗೆ ಕಿವಿಗಳೇ ಇಲ್ಲ, ಎರಡು ಮುದ್ದೆ ಅಂಟಿಸಿದ್ದಾಳೆ. ಕಿವಿಯನ್ನು ಕೊನೆಗೆ ಮಾಡುವುದು ಅವಳ ಪದ್ಧತಿಯಂತೆ. ಮನೆಯಲ್ಲಿರುವ ಫೋಟೋಗಳೆಲ್ಲ ಎದುರಿನಿಂದ ತೆಗೆಸಿದವು, ಅವಳಿಗೆ ಸಾಲುವುದಿಲ್ಲ. “ಮಕ್ಕಳಲ್ಲಿ ಯಾರಿಗಾದ್ರೂ ಸಾರ್ ಕಿವಿ ಬಂದಿದ್ಯಾ ಅಮ್ಮ?” ಎಂದು ಕೇಳಿದಳು. ನೀನು ಹುಟ್ಟಿದಾಗ ಸೂಲಗಿತ್ತಿ ಹೇಳಿದ ಮೊದಲ ಮಾತೇ ಅದು, ಕಿವಿ ಅಪ್ಪನವು ಎಂದು.

ಅವಳಿಗೆ ಏನೂ ಮಾತು ಕೊಟ್ಟಿಲ್ಲ. ಮಣ್ಣು ಇನ್ನೂ ಒದ್ದೆಯಿದೆ.

ನಿನ್ನ ಅವ್ವ


ಶಕ್ತಿನಗರ
ಜನವರಿ 6, 2025

ಅವ್ವಾ,

ಬೆಂಗಳೂರಿನಿಂದ ಸುಖವಾಗಿ ಬಂದು ತಲುಪಿದೆವು. ನೀನು ಕಟ್ಟಿಕೊಟ್ಟ ಹಿದುಕಿದ ಬೇಳೆಯನ್ನು ಬಂದ ದಿನವೇ ವಿನಾಯಕ್ ಸಾರು ಮಾಡಿಸಿಕೊಂಡರು. ಅಲ್ಲಿದ್ದ ಮೂರು ದಿನವೂ ನಾನು ಏನೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ವೇಣಿಯ ಶೆಡ್ಡಿನಿಂದ ಹೊರಗೆ ಬಂದಾಗ ನನ್ನ ಕೆನ್ನೆಯ ಮೇಲೆ ಮಣ್ಣಿತ್ತು. ನೀನು ಪಿಳ್ಳಮ್ಮನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ತಲೆಯೆತ್ತಿ ನೋಡಿ, ಸೆರಗಿನಿಂದ ಒರೆಸಿ, ಮತ್ತೆ ಸುಲಿಯಲು ಕೂತೆ. ಅದಕ್ಕಾಗಿ ಈ ಕಾಗದ.

ಬೀದಿಯಲ್ಲಿ ನಡೆಯುವಾಗ ನನಗೆ ಇನ್ನೂ ಸಿಟ್ಟಿತ್ತು. ಆ ಗೇಟುಗಳ ಬಣ್ಣ ಚೆನ್ನಾಗಿ ಕಂಡದ್ದಕ್ಕೂ ಸಿಟ್ಟು. ಭಾನುಪ್ರಕಾಶರ ಅಚ್ಚುಗಳನ್ನು ಒಂದೊಂದಾಗಿ ನೋಡುವ ಹೊತ್ತಿಗೆ ಅದು ಕಡಿಮೆಯಾಯಿತು. ಒಂದೇ ಕೈಯನ್ನು ಅಷ್ಟು ಸಲ ಬರೆಯಬೇಕಾದರೆ ಆ ಕೈಯ ಮೇಲೆ ಎಷ್ಟು ಅಕ್ಕರೆ ಇರಬೇಕು. ನನ್ನ ಅಪ್ಪನನ್ನು ಯಾರೋ ಅಷ್ಟು ಅಕ್ಕರೆಯಿಂದ ನೋಡಿದ್ದಾರಲ್ಲ ಎನಿಸಿತು. ಭಾನುಪ್ರಕಾಶರಿಗೆ ಕೈ ಮುಗಿದೆ. ನೀನು ಆಗ ಮನುವಿನ ಮುಖವಾಡ ಹಾಕಿಕೊಂಡು ಪಿಳ್ಳಮ್ಮನನ್ನು ಹೆದರಿಸುತ್ತಿದ್ದೆ.

ವೇಣಿ ನನ್ನನ್ನು ಆ ತಲೆಯ ಪಕ್ಕದಲ್ಲೇ ಕೂರಿಸಿದಳು. ಕೂದಲು ಎತ್ತಿ ಕಟ್ಟಿ, ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅಲುಗಾಡದೆ ಕೂರುವುದು ಎಷ್ಟು ಕಷ್ಟ ಅವ್ವಾ. ಕುತ್ತಿಗೆ ಸೆಳೆಯುತ್ತದೆ, ಮೂಗು ತುರಿಸುತ್ತದೆ. ಆ ಮೊಣಕಾಲು ನೋವಿನಲ್ಲಿ ಅಪ್ಪ ಹೇಗೆ ಕೂರುತ್ತಿದ್ದರು ಎಂದು ಯೋಚಿಸುತ್ತಿದ್ದೆ. ಇನ್ನೊಬ್ಬರು ನೋಡಲಿ ಎಂದು ಸುಮ್ಮನೆ ಕೂರುವುದು ಅವರಿಗೆ ಒಗ್ಗದ ಕೆಲಸ. ನೋಡುವುದು, ಅಳೆಯುವುದು, ಸರಿ ತಪ್ಪು ಹೇಳುವುದು ಅವರ ಕೆಲಸವಾಗಿತ್ತು.

ಒಂದು ಕಿವಿ ಮುಗಿಸಿ ವೇಣಿ ನೀರು ತರುತ್ತೇನೆಂದು ಹೊರಗೆ ಹೋದಳು. ಬೇಕೆಂದೇ ಹೋದಳೋ ಏನೋ. ನಾನೂ ಅಪ್ಪನೂ ಇಬ್ಬರೇ. ಮುಂದೆ ಪೇಪರ್ ಇರಲಿಲ್ಲ. ನೋಡಿದೆ. ಎಷ್ಟು ಹೊತ್ತು ನೋಡಿದರೂ ಅವರು ಎದ್ದು ಹೋಗಲಿಲ್ಲ.

ಆಗ ನನ್ನ ಬಾಯಿಂದ ಬಂದ ಮಾತು ನಾನೂ ಎಣಿಸಿದ್ದಲ್ಲ. “ಅಪ್ಪಾ, ನನಗ ನನ್ನ ಕೆಲಸ ಸೇರತೈತಿ. ನಿಮಗ ಹೇಳೇ ಇರಲಿಲ್ಲ,” ಎಂದೆ.

ನಿಜ ಅವ್ವಾ. ಮೊದಮೊದಲು ದ್ವೇಷಿಸುತ್ತ ಹೋದೆ. ಯಾವಾಗ ಬದಲಾಯಿತೋ ತಿಳಿಯಲಿಲ್ಲ. ವಿದ್ಯುತ್ ಸ್ಥಾವರದ ಟರ್ಬೈನಿನ ಗುಂಯ್ ಸದ್ದು ಒಂದಿಷ್ಟು ಬೇರೆಯಾದರೂ ನನಗೆ ಗೊತ್ತಾಗುತ್ತದೆ. ಸಂಜೆ ಊರೂರಲ್ಲಿ ದೀಪ ಹತ್ತುವ ಹೊತ್ತಿಗೆ ನಮ್ಮ ಕಂಟ್ರೋಲ್ ರೂಮಿನಲ್ಲಿ ಲೋಡ್ ಏರುತ್ತದೆ. ಆ ಹೊತ್ತಿನ ಪಾಳಿಯನ್ನು ನಾನು ಕೇಳಿ ಹಾಕಿಸಿಕೊಳ್ಳುತ್ತೇನೆ. ಇಷ್ಟು ಮಂದಿಯ ಮನೆಗೆ ಬೆಳಕು ಹೋಗುತ್ತಿದೆ ಎಂದು ಮೈ ಜುಮ್ಮೆನ್ನುತ್ತದೆ. ಅದು ಅವರು ಕೊಡಿಸಿದ ಕೆಲಸ. ಫೋನಿನಲ್ಲಿ “ಕೆಲಸ ಹೆಂಗೈತಿ?” ಎಂದು ಪ್ರತಿ ವಾರ ಕೇಳುತ್ತಿದ್ದರು. ನಾನು “ನಡೀತೈತಿ” ಎನ್ನುತ್ತಿದ್ದೆ. ಮಗಳ ಬದುಕನ್ನು ಕೆಡಿಸಿದೆನೆಂದುಕೊಂಡೇ ಹೋದರೇನೋ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎಷ್ಟು ಒಂದೇ ಥರ ನಾವಿಬ್ಬರೂ! ಬರೀ ಕಿವಿಯಲ್ಲ.

ಅಲ್ಲಿ ಅತ್ತೆ. ಚೆನ್ನಾಗಿ ಅತ್ತೆ. ವೇಣಿ ನೀರಿನ ಬಕೆಟ್ ಹಿಡಿದು ಬಂದು, ನೋಡಿ, ಕೈಗೆ ಸಿಕ್ಕ ಬಟ್ಟೆ ಕೊಟ್ಟಳು. ಅದು ಮಣ್ಣು ಒರೆಸುವ ಬಟ್ಟೆ.

ನಾನು ಮತ್ತೆ ಬ್ರಶ್ ಹಿಡಿಯುತ್ತೇನೆಂದು ನೀನು ಆಸೆ ಇಟ್ಟುಕೊಂಡಿದ್ದರೆ, ಇಲ್ಲ. ಕಳೆದುಹೋದದ್ದು ಕಳೆಯಿತು. ಅದರ ನೋವು ಇದ್ದೇ ಇದೆ, ಇರಲಿ. ಆದರೆ ಅದರ ಪಕ್ಕದಲ್ಲಿ ಈಗ ಬೇರೊಂದು ಬಂದು ಕೂತಿದೆ. ನೀನು ನನ್ನ ಮಾತು ಮೀರಿ ಬರೆದೆಯಲ್ಲ, ಅದರಿಂದ. ನಿನಗೆ ಯಾವತ್ತೂ ಕೈ ಮುಗಿದವಳಲ್ಲ. ಇಲ್ಲಿಂದಲೇ ಮುಗಿಯುತ್ತಿದ್ದೇನೆ.

ಕಂಚಿನಲ್ಲಿ ಎರಕ ಹೊಯ್ದ ಮೇಲೆ ಆ ತಲೆಯನ್ನು ಎಲ್ಲಿಡುವುದೆಂದು ವೇಣಿ ಕೇಳಿದಳು. ಮನೆಗೆ ಬೇಡ ಎಂದೆ. ಅವರು ನಗುತ್ತಿದ್ದ ಜಾಗದಲ್ಲೇ ಇರಲಿ. ನಿನಗೂ ಒಪ್ಪಿಗೆಯಲ್ಲವೇ?

ನಿನ್ನ ಮಗಳು,
ರಕ್ಷಿತಾ


ಪೀಣ್ಯ
ಮಾರ್ಚ್ 3, 2025

ರಕ್ಷಿತಾ,

ಒಪ್ಪಿಗೆ. ನಿನ್ನ ಕಾಗದವನ್ನು ನಲ್ಲಪ್ಪನವರಿಗೆ ಬಿಟ್ಟು ಬೇರೆ ಯಾರಿಗೂ ಓದಿ ಹೇಳಿಲ್ಲ. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ನಿನ್ನ ಗುಟ್ಟು ಗುಟ್ಟಾಗಿಯೇ ಇದೆ.

ಎರಕ ಹೊಯ್ದದ್ದು ಶಿವರಾತ್ರಿಗೆ ಮುಂಚೆ, ಇಲ್ಲೇ ಪೀಣ್ಯದ ಒಂದು ಎರಕದ ಮನೆಯಲ್ಲಿ. ವೇಣಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕರಗಿದ ಕಂಚು ಅಚ್ಚಿನೊಳಗೆ ಇಳಿಯುವುದನ್ನು ನೋಡಿದೆ. ಕಣ್ಣು ಕುಕ್ಕುವ ಕಿತ್ತಳೆ. ಅಷ್ಟು ಬಿಸಿಯಾದದ್ದು ಅಷ್ಟು ಮೆತ್ತಗೆ ಇಳಿಯುತ್ತದೆಂದು ತಿಳಿದಿರಲಿಲ್ಲ.

ನಿನ್ನೆ ಸಂಜೆ ವೇಣಿಯ ಶೆಡ್ಡಿನ ಮುಂದೆ ಕಲ್ಲಿನ ಬೆಂಚಿನ ಒಂದು ತುದಿಗೆ ಕೂರಿಸಿದರು. ಬೀದಿಯವರೆಲ್ಲ ಬಂದಿದ್ದರು. ಭಾಷಣ ಏನೂ ಇರಲಿಲ್ಲ. ಮನು ಎಲ್ಲರಿಗೂ ಟೀ ಕೊಟ್ಟ. ಪಿಳ್ಳಮ್ಮ ನನ್ನ ಕೈಯಿಂದ ವಿಭೂತಿ ಈಸಿಕೊಂಡು ಹಣೆಗೆ ಹಚ್ಚಿ, “ಈಗ ಸರಿ ಓಯ್ತು ನೋಡಿ ಮುಕ” ಎಂದಳು. ಪಾಳಿ ಮುಗಿಸಿ ಹೋಗುತ್ತಿದ್ದ ಹುಡುಗಿಯರು ಗೇಟಿನಲ್ಲಿ ನಿಂತು ಇಣುಕಿದರು. ಯಾರು ಅಜ್ಜಿ ಇವರು ಎಂದು ಒಬ್ಬಳು ಕೇಳಿದಳು. ನಮ್ಮ ಮನೆಯವರು ಎಂದೆ. ಆ ಮಾತು ಹೇಳಿ ಒಂದು ವರ್ಷವಾಗಿತ್ತು. ನಾಲಿಗೆಗೆ ಸಿಹಿಯಾಯಿತು.

ಎಲ್ಲರೂ ಅವರವರ ಬಾಗಿಲಿಗೆ ಹೋದ ಮೇಲೆ ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಬಿಸಿಲು ಹಳದಿ ಗೇಟಿನಿಂದ ಕೆಂಪು ಗೇಟಿಗೆ ಸರಿಯುತ್ತಿತ್ತು. ಒಳಗೆ ಯಾರೋ ಒಗ್ಗರಣೆ ಹಾಕಿದರು. ಅವರಿಗೆ ಹೇಳಬೇಕಾದದ್ದು ಬಹಳ ಇದೆ ಎಂದುಕೊಂಡು ಹೋಗಿದ್ದೆ, ಕೂತ ಮೇಲೆ ಒಂದೂ ನೆನಪಾಗಲಿಲ್ಲ. ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದೆ.

“ಅಮ್ಮ, ಹಾಗೇ ಇರಿ,” ಎಂದ ಭಾನುಪ್ರಕಾಶ, ಎದುರಿನ ಬಾಗಿಲಿನಿಂದ. ಯಾವಾಗ ಸ್ಟೂಲು ತಂದಿಟ್ಟುಕೊಂಡನೋ, ಮೊಣಕಾಲ ಮೇಲೆ ಹಲಗೆ, ಕೈಯಲ್ಲಿ ಪೆನ್ಸಿಲ್ಲು.

ಹಾಗೇ ಇದ್ದೆ.

ನಿನ್ನ ಅವ್ವ,
ಲಕ್ಷ್ಮವ್ವ